ಒಂದೇ ಮಗುವಿನ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ. ನಿಮ್ಮ ಹಸುವಿಗೆ ಹೊಸ ಹಿಂಡಿ ಶುರು ಮಾಡಿದಿರಿ ಅಂದುಕೊಳ್ಳಿ. ಮುಂಚೆ ಡೈರಿಗೆ ಎಷ್ಟು ಲೀಟರ್ ಹಾಕುತ್ತಿದ್ದಿರಿ, ಈಗ ಎಷ್ಟು ಹಾಕುತ್ತಿದ್ದೀರಿ ಅಂತ ಹಾಲಿನ ಪುಸ್ತಕ ತೆಗೆದು ನೋಡುತ್ತೀರಿ. ಹೋಲಿಸಲು ಬೇರೆ ಹಸು ಬೇಕಿಲ್ಲ, ಅಲ್ವಾ?

ನಾನು ಕೋಲಾರದಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವನು. ವಿಶೇಷ ಮಕ್ಕಳ ಶಾಲೆಯ ಟೀಚರೊಬ್ಬರು ಒಂದು ನೋಟ್‌ಬುಕ್ ತಂದರು. ಒಬ್ಬ ಹುಡುಗ ತರಗತಿಯಲ್ಲಿ ದಿನಕ್ಕೆ ಎಷ್ಟು ಸಲ ಜಾಗ ಬಿಟ್ಟು ಏಳುತ್ತಾನೆ, ಹೊಸ ವಿಧಾನ ಶುರುವಾದ ಮೇಲೆ ಎಷ್ಟು ಸಲ ಅಂತ ಬರೆದಿಟ್ಟಿದ್ದರು. 'ಸರ್, ಒಂದು ಟಿ-ಟೆಸ್ಟ್ ಮಾಡಿಕೊಡಿ' ಅಂದರು. ಎರಡು ಸಾಲು ಅಂಕಿಗಳ ಸರಾಸರಿಯ ವ್ಯತ್ಯಾಸ ನಿಜವೋ, ಬರೀ ಆಕಸ್ಮಿಕವೋ ಅಂತ ನೋಡುವ ಲೆಕ್ಕ ಅದು. ನಾನು ಮಾಡಿಕೊಡಲಿಲ್ಲ.

ಯಾಕೆ ಅಂದರೆ, ಇವತ್ತು 12 ಲೀಟರ್ ಕೊಟ್ಟ ಹಸು ನಾಳೆ 4ಕ್ಕೆ ಇಳಿಯುವುದಿಲ್ಲ. ಮಗುವೂ ಹಾಗೆಯೇ, ನಿನ್ನೆಯ ನೆರಳು ಇವತ್ತಿನ ಮೇಲೆ ಇರುತ್ತದೆ. ಟಿ-ಟೆಸ್ಟ್ ಮಾತ್ರ ಪ್ರತಿ ಅಳತೆಯೂ ಬಿಡಿಬಿಡಿ ಅಂದುಕೊಳ್ಳುತ್ತದೆ. ಅಕ್ಕಪಕ್ಕದ ದಿನಗಳ ನಂಟನ್ನು, ಇಲ್ಲವೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1 ಅಂತ ಅಳೆಯುತ್ತೇವೆ. ಅದು 0.5 ಇದ್ದರೆ, 20 ದಿನದ ಅಳತೆ ಸುಮಾರು 7 ಬಿಡಿ ಅಳತೆಗಳಷ್ಟೇ ತೂಗುತ್ತದೆ. ಅದನ್ನು ಮರೆತು 20 ಅಂತಲೇ ಲೆಕ್ಕ ಹಾಕಿದರೆ, ಇಲ್ಲದ ಪರಿಣಾಮ ಇದೆ ಅಂತ ಬಂದುಬಿಡುತ್ತದೆ. ಆ ನಂಟನ್ನೇ ಅಳೆದು ಸರಿಪಡಿಸೋಣ ಅಂದರೆ, ಐದಾರು ದಿನದ ಅಂಕಿಗಳಲ್ಲಿ ಅದು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಇನ್ನೊಂದು ಕಷ್ಟ ಅಳತೆಗೋಲಿನದು. ಒಂದು ಚಿಕ್ಕ ಉದಾಹರಣೆ ಕೊಡುತ್ತೇನೆ, ಪೆನ್ನು ಇದ್ದರೆ ಬರೆದುಕೊಳ್ಳಿ. ವಿಧಾನಕ್ಕೆ ಮುಂಚಿನ ಐದು ದಿನ ಹುಡುಗ ಎದ್ದದ್ದು 9, 8, 10, 9, 2 ಸಲ. ಆ ಐದನೆಯ ದಿನ ಜ್ವರ, ಸುಮ್ನೆ ಕೂತಿದ್ದ. ಆಮೇಲಿನ ಐದು ದಿನ 4, 3, 5, 3, 4. ಕಣ್ಣಿಗೆ ಬದಲಾವಣೆ ಕಾಣುತ್ತದೆ. 1987ರಲ್ಲಿ ಸ್ಕ್ರಗ್ಸ್, ಮಾಸ್ಟ್ರೊಪಿಯರಿ ಮತ್ತು ಕ್ಯಾಸ್ಟೊ ಎಂಬ ಸಂಶೋಧಕರು ಹೇಳಿದ ಪಿಎನ್‌ಡಿ ಎಂಬ ಅಳತೆ, ಮುಂಚಿನ ದಿನಗಳಲ್ಲಿ ಅತಿ ಒಳ್ಳೆಯದಕ್ಕಿಂತಲೂ ಉತ್ತಮ ದಿನಗಳು ಆಮೇಲೆ ಎಷ್ಟಿವೆ ಅಂತ ಎಣಿಸುತ್ತದೆ. 2ಕ್ಕಿಂತ ಕಡಿಮೆ ಒಂದೂ ಇಲ್ಲ, ಹಾಗಾಗಿ ಉತ್ತರ ಶೇಕಡಾ 0. 2009ರಲ್ಲಿ ಪಾರ್ಕರ್ ಮತ್ತು ವ್ಯಾನೆಸ್ಟ್ ಕೊಟ್ಟ ಎನ್‌ಎಪಿ, ಮುಂಚಿನ ಪ್ರತಿ ದಿನವನ್ನೂ ಆಮೇಲಿನ ಪ್ರತಿ ದಿನದ ಜೊತೆ ಜೋಡಿಸಿ ನೋಡುತ್ತದೆ. 25 ಜೋಡಿಗಳಲ್ಲಿ 20 ಉತ್ತಮ, ಅಂದರೆ ಶೇಕಡಾ 80. ಅದೇ ಹುಡುಗ, ಅವೇ ಹತ್ತು ದಿನ! ಒಂದು ಜ್ವರ ಇಡೀ ತೀರ್ಪನ್ನು ಬದಲಿಸುವುದು ನನಗೆ ಒಪ್ಪಲು ಆಗುವುದೇ ಇಲ್ಲ.

ಇಂಥ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ಮೆಟಾ-ವಿಶ್ಲೇಷಣೆ ಮಾಡುವಾಗ ತೊಡಕು ಇನ್ನೂ ಜಾಸ್ತಿ. ಒಬ್ಬರು 10 ನಿಮಿಷ ಎಣಿಸಿರುತ್ತಾರೆ, ಇನ್ನೊಬ್ಬರು 30 ನಿಮಿಷ. ಎಲ್ಲವನ್ನೂ ಒಂದೇ ಅಳತೆಗೆ ತರಲು, ಬಂದ ಬದಲಾವಣೆಯನ್ನು ಅಂಕಿಗಳ ಏರಿಳಿತದಿಂದ ಭಾಗಿಸುತ್ತಾರೆ. ಆದರೆ ಒಂದೇ ಮಗುವಿನ ದಿನದಿಂದ ದಿನಕ್ಕೆ ಆಗುವ ಏರಿಳಿತ ಬೇರೆ, ಮಗುವಿನಿಂದ ಮಗುವಿಗೆ ಇರುವ ವ್ಯತ್ಯಾಸ ಬೇರೆ. ಮೊದಲನೆಯದರಿಂದ ಭಾಗಿಸಿದ ಪರಿಣಾಮವನ್ನು, ನೂರಾರು ಮಕ್ಕಳ ಗುಂಪು ಅಧ್ಯಯನದ ಪರಿಣಾಮದ ಪಕ್ಕ ಇಟ್ಟರೆ ಸೇರಿನ ಪಕ್ಕ ಮೊಳ ಇಟ್ಟ ಹಾಗೆ. ಹೆಡ್ಜಸ್, ಪುಸ್ಟೆಯೊವ್ಸ್ಕಿ, ಶಾಡಿಷ್ 2012ರಲ್ಲಿ ಈ ಎರಡನ್ನೂ ಒಂದೇ ಅಳತೆಗೆ ತರುವ ದಾರಿ ತೋರಿಸಿದರು. ಅದಕ್ಕೆ ಒಂದೇ ಅಧ್ಯಯನದಲ್ಲಿ ಕನಿಷ್ಠ ಮೂರು ಮಕ್ಕಳಾದರೂ ಬೇಕು. ಇನ್ನು ಬದಲಾವಣೆ ಕಾಣದ ಗ್ರಾಫ್‌ಗಳು ಅಚ್ಚಾಗುವುದೇ ಕಡಿಮೆ, ಹಾಗಾಗಿ ಸೇರಿಸಿದ ಲೆಕ್ಕ ಚೆನ್ನಾದ ಕಡೆಗೇ ವಾಲುತ್ತದೆ.

ಆ ಟೀಚರ್ ನೋಟ್‌ಬುಕ್‌ನ ಅಂಚಿನಲ್ಲಿ ಜ್ವರ, ಊರ ಜಾತ್ರೆ, ಅಮ್ಮ ಬಂದಿದ್ದರು ಅಂತೆಲ್ಲ ಬರೆದಿದ್ದರು. ಅವನ್ನೂ ಅಂಕಿಗಳ ಜೊತೆಗೇ ಕೊಡಿ, ಏನೂ ಬದಲಾಗದ ಇನ್ನೊಂದು ಮಗುವಿನ ಹಾಳೆಯನ್ನೂ ಸೇರಿಸಿ ಅಂತ ಕೇಳಿಕೊಂಡೆ. ಮುಂದಿನ ವಾರ ತರುತ್ತಾರೆ. ನಮಸ್ಕಾರ.