11 ತಿಂಗಳ ಕರಾರು, ಬಸಳೆಯ ಚಪ್ಪರ

ಕೇಳುಗರೇ, ನಮಸ್ಕಾರ.

ನಾಡಿದ್ದು ಪತ್ತನಾಜೆ. ಮಳೆಗಾಲ ಹತ್ತಿರ ಬಂತೆಂದು ತುಳುನಾಡಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ. ಬೇಸಾಯದವರಿಗೆ ಇದು ಬೀಜದ ಪೊಟ್ಟಣ ಹುಡುಕುವ ಹೊತ್ತು. ಬೆಂಡೆ, ಅಲಸಂಡೆ, ಹೀರೆ, ಮುಳ್ಳುಸೌತೆ. ಆದರೆ ಇದೆಲ್ಲ ಅಂಗಳ ಇದ್ದವರ ಮಾತು, ಅಲ್ವಾ? ನಾನಿವತ್ತು ಹೇಳುವುದು ಅಂಗಳ ಇಲ್ಲದವರ ತರಕಾರಿಯ ಸಂಗತಿ.

ಮಂಗಳೂರಿನ ಬೈಕಂಪಾಡಿ ಆಚೀಚೆ ಲೈನ್ ಮನೆಗಳಿವೆ. ಒಂದೇ ಮಾಡಿನ ಕೆಳಗೆ ಎಂಟು ಹತ್ತು ಬಾಗಿಲು, ಎಲ್ಲರಿಗೂ ಸೇರಿ ಒಂದು ಬಾವಿ. ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರೂ ಅಲ್ಲಿದ್ದಾರೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿಗೆ, ಸೆಂಟ್ರಲ್ ಮಾರ್ಕೆಟ್ಟಿನ ಸಗಟು ವ್ಯಾಪಾರ ಬೈಕಂಪಾಡಿಯ ಎಪಿಎಂಸಿ ಯಾರ್ಡಿಗೆ ಬಂತು. ಮಗ್ಗುಲಲ್ಲೇ ಲಾರಿಗಟ್ಟಲೆ ತರಕಾರಿ. ಆದರೆ ಸಗಟಿನವರ ಹತ್ತಿರ ಕಾಲು ಕಿಲೋ ಬೆಂಡೆ ಕೇಳಲು ಆಗುತ್ತದೆಯೇ? ಘಟ್ಟದ ಮೇಲಿನ ತರಕಾರಿ ಇಳಿದು ಬರುವ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ರೇಟು ಬೇರೆ ಏರುತ್ತದೆ. ಆಗ ಚೀಲದಿಂದ ಮೊದಲು ಬಿಟ್ಟುಹೋಗುವುದು ಸೊಪ್ಪು. ರೇಷನ್ ಕಾರ್ಡಿಗೆ ಅಕ್ಕಿ ಬರುತ್ತದೆ, ಹರಿವೆ ಬರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ ಹತ್ತಿರ ಹತ್ತಿರ 48 ಮಂದಿಗೆ ರಕ್ತ ಕಡಿಮೆ. ಸೊಪ್ಪೊಂದರಿಂದಲೇ ಅದು ಸರಿಹೋಗುವುದಿಲ್ಲ, ನಿಜ. ಆದರೂ ಸೊಪ್ಪಿಲ್ಲದೆ ಆಗುವುದೂ ಇಲ್ಲ.

ಅಂಥ ಒಂದು ಲೈನ್ ಮನೆಯ ಹಿಂದೆ ಎರಡು ಸೆಂಟ್ಸ್ ಪಾಳು ಜಾಗ ಇತ್ತು. ಅಲ್ಲಿನ ಹೆಂಗಸರ ಜೊತೆ ನಾನೂ ಸೇರಿಕೊಂಡೆ. ಮುರಕಲ್ಲಿನ ನೆಲ, ಪಿಕ್ಕಾಸು ಹಾಕಿದರೆ ಕೈಗೇ ತಿರುಗಿ ಏಟು. ನಮ್ಮ ಹಿರಿಯರ ಉಪಾಯ ಸುಡುಮಣ್ಣು: ಒಣ ತರಗೆಲೆಯ ಮೇಲೆ ಮಣ್ಣು ಮುಚ್ಚಿ ನಿಧಾನಕ್ಕೆ ಸುಡುವುದು. ಹುಳದ ಮೊಟ್ಟೆ, ಕಳೆ ಬೀಜ ಸಾಯುತ್ತವೆ, ಬೂದಿಯ ಸಾರ ಸಿಗುತ್ತದೆ. ಹಳ್ಳಿಯಲ್ಲಿ ಚಂದ. ಪೇಟೆಯಲ್ಲಿ ಹೊಗೆ ಎದ್ದ ಕೂಡಲೇ ಪಕ್ಕದ ಮನೆಯವರು ಜಗಳಕ್ಕೆ ಬಂದರು. ತಪ್ಪು ನಮ್ಮದೇ. ಆಮೇಲೆ ಸುಮ್ನೆ ಗುಂಡಿ ತೋಡಿ ತರಗೆಲೆ, ಸೆಗಣಿ ಕೊಳೆಸಿದೆವು.

ಕೊಪ್ಪಳದ ಅಕ್ಕನೊಬ್ಬರು "ನಾನು ಪುಂಡಿ ಬೀಜ ಹಾಕ್ತೀನ್ರಿ" ಅಂದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ತುಳುವಿನಲ್ಲಿ ಪುಂಡಿ ಅಂದರೆ ಅಕ್ಕಿಯ ಉಂಡೆ, ಬೆಳಗಿನ ತಿಂಡಿ! ಅವರದ್ದು ಹುಳಿ ಸೊಪ್ಪು, ಜೋಳದ ರೊಟ್ಟಿಗೆ ಜೋಡಿ. ಅದು ನಮ್ಮ ಹರಿವೆಗಿಂತ ಎತ್ತರಕ್ಕೆ ಬಂತು. ನಗು ನಿಂತಿತು.

ಹರಿವೆ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಬಸಳೆ ಹಾಗಲ್ಲ. ಮಳೆ ಬಿಟ್ಟ ಮೇಲೆ ತುಂಡು ನೆಡಬೇಕು, ಅಡಿಕೆ ಸಲಾಕೆಯ ಚಪ್ಪರ ಹಾಕಬೇಕು, ಮೀನು ತೊಳೆದ ನೀರು ಹೊಯ್ಯಬೇಕು. ಒಮ್ಮೆ ಹಬ್ಬಿತೋ, ಕೊಯ್ದಷ್ಟೂ ಚಿಗುರುತ್ತದೆ. ನಮ್ಮದೂ ಹಬ್ಬಿತು. ಮಾರ್ಚಿನಲ್ಲಿ ಜಾಗದವರು ಬಂದರು, ಇನ್ನೆರಡು ರೂಮು ಕಟ್ಟುವುದಿದೆ ಅಂದರು. ಒಂದೇ ಮಧ್ಯಾಹ್ನದಲ್ಲಿ ಚಪ್ಪರ ನೆಲಕ್ಕೆ. ಅವರನ್ನು ದೂರುವುದಿಲ್ಲ, ಜಾಗ ಅವರದ್ದು. ಆದರೆ ಅವತ್ತು ಒಂದು ಅರ್ಥವಾಯಿತು: ಹರಿವೆ ಬಾಡಿಗೆಯವರ ಬೆಳೆ, ಬಸಳೆ ಸ್ವಂತ ಮನೆಯವರ ಬೆಳೆ. ಬಾಡಿಗೆ ಕರಾರು 11 ತಿಂಗಳದ್ದು. ಅದರಲ್ಲೂ ಹಿತ್ತಿಲಿನ ಮಾತೇ ಇರುವುದಿಲ್ಲ.

ಬೀಜ ಹಂಚುವವರು ಬೇಕಾದಷ್ಟು ಮಂದಿ ಇದ್ದಾರೆ. ಗ್ರೋ ಬ್ಯಾಗ್ ಕೊಟ್ಟು ಫೋಟೋ ತೆಗೆಸುವವರೂ ಇದ್ದಾರೆ. ಎರಡು ವರ್ಷ ಇಲ್ಲಿಂದ ಎಬ್ಬಿಸುವುದಿಲ್ಲ ಅಂತ ಒಂದು ಕಾಗದ ಕೊಡುವವರು ಸಿಗುವುದು ಕಷ್ಟ. ನಾವು ಹುಡುಕಿ ಹುಡುಕಿ ಕೊನೆಗೆ ಒಂದು ಅಂಗನವಾಡಿಯ ಕಂಪೌಂಡಿನ ಮೂಲೆ ಕೇಳಿದೆವು, ಸಿಕ್ಕಿತು. ಅಲ್ಲಿ ನೀರಿನದ್ದೇ ಚಿಂತೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಈ ಊರಿನಲ್ಲಿ 2019ರಲ್ಲೂ 2023ರಲ್ಲೂ ಬೇಸಿಗೆಗೆ ತುಂಬೆ ಡ್ಯಾಮಿನ ನೀರು ಇಳಿದು, ನಲ್ಲಿಗೆ ರೇಷನ್ ಬಂದಿತ್ತು. ಹಾಗಾಗಿ ಅಕ್ಕಿ ತೊಳೆದ ನೀರೂ ಗಿಡಕ್ಕೇ. ಚರಂಡಿ ನೀರು ಮಾತ್ರ ಬೇಡವೇ ಬೇಡ.

ಕಳೆದ ತಿಂಗಳು ಕೊಪ್ಪಳದ ಅಕ್ಕ ಕೂಳೂರಿನ ಕಡೆ ಮನೆ ಬದಲಿಸಿದರು. ಟೆಂಪೋದಲ್ಲಿ ಟಿವಿ, ಗ್ಯಾಸ್ ಒಲೆ, ನಡುವೆ ಪೈಂಟಿನ ಬಕೆಟ್ಟಿನಲ್ಲಿ ಒಂದು ಗೇಣು ಬಸಳೆ. ನನ್ನ ಕೈಗೆ ಪುಂಡಿ ಬೀಜದ ಪೊಟ್ಟಣ ಕೊಟ್ಟು ಹೋದರು. ನಾಡಿದ್ದು ಅದನ್ನು ಅಂಗನವಾಡಿಯ ಮೂಲೆಗೆ ಹಾಕಬೇಕು ಅಂತಿದ್ದೇನೆ. ನಮಸ್ಕಾರ.