ಕತ್ತಿ ಮಸೆಯುವ ಪಾಠ ಹೇಳಿದ ಮೇಷ್ಟ್ರು

ಕೇಳುಗರೇ, ನಮಸ್ಕಾರ.

ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಓದಿದವರಿಗೆ ಈ ಒಂದು ಅಂಕದ ಪ್ರಶ್ನೆ ನೆನಪಿರುತ್ತದೆ. ಸಾರ್ವಜನಿಕ ಆಡಳಿತದ ಪಿತಾಮಹ ಯಾರು? ಉತ್ತರ, ವುಡ್ರೋ ವಿಲ್ಸನ್. ಕೆ.ಎ.ಎಸ್. ಪರೀಕ್ಷೆಗೆ ಓದುವವರೂ ಈ ಹೆಸರನ್ನು ಬಾಯಿಪಾಠ ಮಾಡಿರುತ್ತಾರೆ. ಮುಂದೆ ಅವರು ಅಮೆರಿಕದ ಅಧ್ಯಕ್ಷರಾದದ್ದೂ ಗೊತ್ತಿರುತ್ತದೆ. ನಡುವೆ ಎಂಟು ವರ್ಷ ಅವರು ಒಂದು ವಿಶ್ವವಿದ್ಯಾಲಯವನ್ನು ನಡೆಸಿದ್ದರಲ್ಲ, ಆ ಕಥೆ ಮಾತ್ರ ತರಗತಿಗೆ ಬರುವುದು ಕಡಿಮೆ. ನನಗೆ ಅದೇ ಹೆಚ್ಚು ಮುಖ್ಯ ಅನ್ನಿಸುತ್ತದೆ.

ವಿಲ್ಸನ್ ಹುಟ್ಟಿದ್ದು 1856ರಲ್ಲಿ, ವರ್ಜೀನಿಯಾದಲ್ಲಿ. ತಂದೆ ಚರ್ಚಿನ ಪಾದ್ರಿ. ಹುಡುಗನಿಗೆ ಹತ್ತು ವರ್ಷವಾದರೂ ಸರಿಯಾಗಿ ಓದಲು ಬರುತ್ತಿರಲಿಲ್ಲ. ಮುಂದೆ ಕಾನೂನು ಓದಿ ಅಟ್ಲಾಂಟಾದಲ್ಲಿ ವಕೀಲಿಕೆ ಶುರು ಮಾಡಿದರು. ಕಕ್ಷಿದಾರರು ಬರಲಿಲ್ಲ. ಕಚೇರಿ ಮುಚ್ಚಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಹೋಗಿ 1886ರಲ್ಲಿ ಪಿಎಚ್.ಡಿ. ಪಡೆದರು. ಅಮೆರಿಕದ ಅಧ್ಯಕ್ಷರಲ್ಲಿ ಪಿಎಚ್.ಡಿ. ಮಾಡಿದವರು ಇವತ್ತಿಗೂ ಅವರೊಬ್ಬರೇ.

ಮರುವರ್ಷ, 1887ರಲ್ಲಿ, ಆಡಳಿತದ ಅಧ್ಯಯನದ ಬಗ್ಗೆ ಅವರ ಹೆಸರಾಂತ ಪ್ರಬಂಧ ಬಂತು. ಆಗ ಅವರಿಗೆ ಮೂವತ್ತು ವರ್ಷ. ಸಂವಿಧಾನ ಬರೆಯುವುದಕ್ಕಿಂತ ಅದನ್ನು ನಡೆಸುವುದೇ ಕಷ್ಟವಾಗುತ್ತಿದೆ ಎಂದರು. ಆಡಳಿತ ಬೇರೆ, ರಾಜಕೀಯ ಬೇರೆ ಎಂದು ಗೆರೆ ಎಳೆದರು. ರಾಜರು ಆಳುವ ಯುರೋಪಿನಿಂದ ನಾವು ಆಡಳಿತ ಕಲಿಯಬಹುದೇ ಅನ್ನೋ ಪ್ರಶ್ನೆಗೆ ಅವರು ಕೊಟ್ಟ ಉದಾಹರಣೆ ನನಗೆ ತುಂಬಾ ಇಷ್ಟ. ಒಬ್ಬ ಕೊಲೆಗಡುಕ ಕತ್ತಿ ಮಸೆಯುತ್ತಿದ್ದಾನೆ ಅಂದುಕೊಳ್ಳಿ. ಅವನಿಂದ ಮಸೆಯುವ ವಿಧಾನ ಕಲಿಯಬಹುದು. ಅವನ ಉದ್ದೇಶವನ್ನು ಕಲಿಯಬೇಕಾಗಿಲ್ಲ. ಈ ಕತ್ತಿ ನೆನಪಿರಲಿ.

1890ರಲ್ಲಿ ತಾವು ಓದಿದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೇ ಪ್ರಾಧ್ಯಾಪಕರಾಗಿ ಬಂದರು. 1902ರಲ್ಲಿ ಅದರ ಅಧ್ಯಕ್ಷರಾದರು. ನಮ್ಮಲ್ಲಿ ಕುಲಪತಿ ಅಂತೀವಲ್ಲ, ಹೆಚ್ಚುಕಡಿಮೆ ಆ ಹುದ್ದೆ. ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಕೂತವರೆಲ್ಲ ಪಾದ್ರಿಗಳು. ಪಾದ್ರಿಯಲ್ಲದ ಮೊದಲಿಗರು ಇವರು.

ಆಗ ಪ್ರಿನ್ಸ್‌ಟನ್ ಅಂದರೆ ಶ್ರೀಮಂತರ ಮಕ್ಕಳು ಆರಾಮಾಗಿ ನಾಲ್ಕು ವರ್ಷ ಕಳೆಯುವ ಜಾಗ. ವಿಲ್ಸನ್ ಓದಿನ ಮಟ್ಟ ಬಿಗಿ ಮಾಡಿದರು. 1905ರಲ್ಲಿ ಒಂದೇ ಸಲಕ್ಕೆ ಸುಮಾರು 50 ಯುವ ಅಧ್ಯಾಪಕರನ್ನು ತಂದರು. ಅವರ ಕೆಲಸ ದೊಡ್ಡ ಹಾಲಿನಲ್ಲಿ ನಿಂತು ಭಾಷಣ ಮಾಡುವುದಲ್ಲ. ಬೆರಳೆಣಿಕೆಯಷ್ಟು ಹುಡುಗರನ್ನು ಮೇಜಿನ ಸುತ್ತ ಕೂರಿಸಿಕೊಂಡು, ಓದಿದ ಪುಸ್ತಕದ ಬಗ್ಗೆ ಮಾತಾಡಿಸುವುದು. ಓದದೇ ಬಂದವನು ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತಾನೆ. ನೂರು ಜನರ ತರಗತಿಯಲ್ಲಿ ಹಿಂದಿನ ಬೆಂಚಿನವರ ಮುಖ ಕೂಡ ಕಾಣದೆ ಪಾಠ ಮಾಡಿದವನು ನಾನು. ಆ ಮೇಜನ್ನು ನೆನೆದಾಗಲೆಲ್ಲ ಆಸೆಯಾಗುತ್ತದೆ.

ಆಮೇಲೆ ಅವರು ಊಟದ ಕ್ಲಬ್ಬುಗಳಿಗೆ ಕೈ ಹಾಕಿದರು. ಹಿರಿಯ ವಿದ್ಯಾರ್ಥಿಗಳು ಊಟಕ್ಕೆ ಸೇರುತ್ತಿದ್ದದ್ದು ಈ ಕ್ಲಬ್ಬುಗಳಲ್ಲಿ. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂದು ಹುಡುಗರೇ ಆರಿಸುತ್ತಿದ್ದರು. ಬಿಟ್ಟುಹೋದವನ ಪಾಡು ಯೋಚಿಸಿ. ಊಟದ ಹೊತ್ತಿಗೆ ಜೊತೆಯವರೆಲ್ಲ ಒಂದು ದಾರಿ, ಅವನದೇ ಒಂದು ದಾರಿ. ಎಲ್ಲರೂ ಒಟ್ಟಿಗೆ ಉಂಡು, ಒಟ್ಟಿಗೆ ಇದ್ದು ಓದುವ ಅಂಗಳಗಳನ್ನು ಕಟ್ಟೋಣ ಎಂದರು ವಿಲ್ಸನ್. 1907ರ ಜೂನ್‌ನಲ್ಲಿ ಆಡಳಿತ ಮಂಡಳಿ ಒಪ್ಪಿತು. ಹಳೆಯ ವಿದ್ಯಾರ್ಥಿಗಳು ಸಿಡಿದೆದ್ದರು. ಅಕ್ಟೋಬರ್‌ಗೆ ಮಂಡಳಿ ಒಪ್ಪಿಗೆ ವಾಪಸ್ ತೆಗೆದುಕೊಂಡಿತು. ಪಕ್ಕದ ಆಟಗಳೇ ಓದು ಎಂಬ ಸರ್ಕಸ್ಸನ್ನು ನುಂಗಿಹಾಕಿವೆ ಎಂದು ಅವರು ನೊಂದು ಬರೆದರು.

ಕೊನೆಯ ಜಗಳ ಒಂದು ಕಟ್ಟಡದ್ದು. ಸ್ನಾತಕೋತ್ತರ ಕಾಲೇಜು ಕ್ಯಾಂಪಸ್ಸಿನ ನಡುವೆ ಇರಬೇಕು ಎಂದು ವಿಲ್ಸನ್. ದೂರ ಇರಲಿ ಎಂದು ಅದರ ಡೀನ್ ಆಂಡ್ರ್ಯೂ ವೆಸ್ಟ್. ಸಾಬೂನು ಉದ್ಯಮಿ ಪ್ರಾಕ್ಟರ್ 5 ಲಕ್ಷ ಡಾಲರ್ ಕೊಡುತ್ತೇನೆ, ಆದರೆ ಜಾಗ ಕ್ಯಾಂಪಸ್ಸಿನ ಹೊರಗೇ ಆಗಬೇಕು ಎಂದರು. ದುಡ್ಡು ಕೊಟ್ಟವರು ಪಾಠಶಾಲೆಯ ನಕ್ಷೆ ಬರೆಯಬೇಕೇ? ವಿಲ್ಸನ್ ಒಪ್ಪಲಿಲ್ಲ. ಆದರೆ 1910ರ ಮೇ ತಿಂಗಳಲ್ಲಿ ವೈಮನ್ ಎಂಬ ಹಳೆಯ ವಿದ್ಯಾರ್ಥಿ ತೀರಿಕೊಂಡರು. ಆ ಕಾಲೇಜಿಗೆಂದು ಲಕ್ಷಾಂತರ ಡಾಲರ್ ಬರೆದಿಟ್ಟಿದ್ದರು. ವೆಸ್ಟ್ ಆ ಉಯಿಲಿನ ಉಸ್ತುವಾರಿಗಳಲ್ಲಿ ಒಬ್ಬರು. ಅಲ್ಲಿಗೆ ಆಟ ಮುಗಿಯಿತು. ಅದೇ ವರ್ಷ ವಿಲ್ಸನ್ ರಾಜೀನಾಮೆ ಕೊಟ್ಟು ನ್ಯೂಜೆರ್ಸಿಯ ಗವರ್ನರ್ ಚುನಾವಣೆಗೆ ನಿಂತು ಗೆದ್ದರು. 1912ರಲ್ಲಿ ದೇಶದ ಅಧ್ಯಕ್ಷ ಚುನಾವಣೆಯನ್ನೂ ಗೆದ್ದರು. ಯುದ್ಧ, ರಾಷ್ಟ್ರಸಂಘ, ನೊಬೆಲ್, ಇವೆಲ್ಲ ನಿಮಗೆ ಗೊತ್ತಿರುವ ಕಥೆಗಳೇ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಎಲ್ಲರೂ ಒಂದೇ ಮೇಜಿನಲ್ಲಿ ಉಣ್ಣಲಿ ಎಂದ ಇದೇ ವಿಲ್ಸನ್‌ಗೆ 1909ರಲ್ಲಿ ಒಂದು ಪತ್ರ ಬಂತು. ಬರೆದವನು ವರ್ಜೀನಿಯಾದಲ್ಲಿ ಓದುತ್ತಿದ್ದ ಕಪ್ಪು ವಿದ್ಯಾರ್ಥಿ. ಪ್ರಿನ್ಸ್‌ಟನ್‌ನಲ್ಲಿ ಓದಬೇಕು ಅನ್ನೋದು ಅವನ ಆಸೆ. ಕಪ್ಪು ಮನುಷ್ಯ ಇಲ್ಲಿಗೆ ಸೇರುವುದು ಸೂಕ್ತವಲ್ಲ ಅಂತ ಉತ್ತರ ಹೋಯಿತು. ಹಾಗಾದರೆ ಆ ಮೇಜು ಯಾರದ್ದು? ಅದನ್ನು ಅಷ್ಟು ಮೆಚ್ಚಿದ ನನಗೆ ಈ ಪ್ರಶ್ನೆ ಇವತ್ತಿಗೂ ಚುಚ್ಚುತ್ತದೆ.

ಅವರು ದೇಶದ ಅಧ್ಯಕ್ಷರಾದ ಮೇಲೆ, 1913ರಿಂದ, ಅಂಚೆ ಮತ್ತು ಖಜಾನೆ ಇಲಾಖೆಗಳಲ್ಲಿ ಕಪ್ಪು ನೌಕರರನ್ನು ಬೇರೆ ಕೂರಿಸತೊಡಗಿದರು. ವಿಲ್ಸನ್ ಅದನ್ನು ತಡೆಯಲಿಲ್ಲ, ಸಮರ್ಥಿಸಿಕೊಂಡರು. 1914ರಿಂದ ಸರ್ಕಾರಿ ಕೆಲಸದ ಅರ್ಜಿಗೆ ಫೋಟೋ ಅಂಟಿಸಬೇಕಾಯಿತು. ನಾವೂ ಅರ್ಜಿಗೆ ಫೋಟೋ ಅಂಟಿಸುತ್ತೇವೆ, ಸುಮ್ನೆ ಗುರುತಿಗೆ ಅಂತ. ಅಲ್ಲಿ ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದಿರಲಿ, ಆ ಚಿಕ್ಕ ಫೋಟೋ ಮೈಬಣ್ಣ ಹೇಳಿಬಿಡುತ್ತಿತ್ತು. ಅರ್ಹತೆ ನೋಡಿ ಕೆಲಸ ಕೊಡಬೇಕು ಎಂದು ಬರೆದವರ ಸರ್ಕಾರ ಅದು. ಕತ್ತಿ ಚೆನ್ನಾಗಿಯೇ ಮಸೆದಿತ್ತು.

2015ರಲ್ಲಿ ಪ್ರಿನ್ಸ್‌ಟನ್‌ನ ಕಪ್ಪು ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಅಧ್ಯಕ್ಷರ ಕಚೇರಿಯಲ್ಲೇ ಧರಣಿ ಕೂತರು. 2020ರ ಜೂನ್‌ನಲ್ಲಿ ಅಲ್ಲಿನ ಸಾರ್ವಜನಿಕ ವ್ಯವಹಾರಗಳ ಶಾಲೆಯಿಂದ ವಿಲ್ಸನ್ ಹೆಸರನ್ನು ತೆಗೆದರು.

ನಮ್ಮ ಪಠ್ಯದಲ್ಲಿ ಅವರ ಹೆಸರು ಹಾಗೇ ಇದೆ, ಇರಲಿ. ಆ ಪ್ರಬಂಧವನ್ನು ಈಗಲೂ ಓದಬೇಕು. ಯಾರಾದರೂ ಹುಡುಗರು ಮನೆಗೆ ಬಂದು ಹೇಳಿಕೊಡಿ ಅಂದರೆ, 1887ರ ಆ ಪುಟಗಳ ಜೊತೆ 1909ರ ಉತ್ತರವನ್ನೂ ಇಟ್ಟು ಓದಿಸುತ್ತೇನೆ.

ನಮಸ್ಕಾರ.