ಹನಿ ಬೀಳಿಸದ ಕಿಟ್ಲಿ ಹುಡುಕ್ಕೋತ ಗಣಪತ ಗಲ್ಲಿಗೆ

ನಮಸ್ಕಾರ್ರಿ ಎಲ್ಲಾರಿಗೂ. ಈಗ ನೀವು ನೋಡಾಕತ್ತಿದ್ದು ನಮ್ಮನಿ ಟೇಬಲ್ ಮ್ಯಾಲಿನ ಬಿಳಿ ಅರಬಿ. ಅದರ ಮ್ಯಾಲ ಚಾ ಕಲಿ ಅದಾವಲ್ಲ, ನೀವು ಎಣಿಸಬ್ಯಾಡ್ರಿ, ನಾ ಎಣಿಸೀನಿ. ಹದಿನೇಳು. ಒಂದೊಂದು ಕಲಿ ಹಿಂದೂ ಒಬ್ಬೊಬ್ಬ ಬೀಗರು ಅದಾರ.

ಇದಕ್ಕೆಲ್ಲಾ ಕಾರಣ ಈ ಸುಂದರಿ. ಪಿಂಗಾಣಿ ಕಿಟ್ಲಿ, ಹೊಟ್ಟಿ ಮ್ಯಾಲ ನೀಲಿ ಹೂವು. ಮನಿ ವಾಸ್ತುಶಾಂತಿಗೆ ಯಾರೋ ಕೊಟ್ಟಿದ್ದು. ನೋಡಾಕ ಭಾಳ ಚಂದ, ಸುರುವಾಕ ಹೋದ್ರ ಕಪ್ಪಿಗಿಷ್ಟು, ಅರಬಿಗಿಷ್ಟು. ನಮ್ಮವ್ವ ಮೊದಲನೇ ದಿನಾನ ಅಂದಿದ್ಲು, "ಇದು ಕಿಟ್ಲಿ ಅಲ್ಲವ್ವಾ, ನೆಗಡಿ ಬಂದ ಕೂಸಿನ ಮೂಗು."

ಈ ಶಾಟ್ ಮೊಬೈಲಿನ್ಯಾಗ ಸ್ಲೋ ಮೋಷನ್ ಹಾಕಿ ತಗದಿದ್ದು. ಸಾವಕಾಶ ನೋಡ್ರಿ. ಚಾ ಮೂತಿ ತುದಿಗೆ ಬಂತು. ಅಲ್ಲಿಂದ ಕಪ್ಪಿಗೆ ಬೀಳಬೇಕಲ್ಲ? ಬೀಳಂಗಿಲ್ಲ. ಮೂತಿ ತುಟಿ ಹಿಡಕೊಂಡು ಹಿಂದಕ್ಕ ಹೊಳ್ಳತೈತಿ. ಕೊಳ್ಳಿನ ಗುಂಟ ಇಳದು, ಹೊಟ್ಟಿ ಹತ್ರ ಬಂದು, ಅಲ್ಲೊಂದು ಹನಿಯಾಗಿ ನಿಂತು, ದಪ್ಪಾಗಿ, ಇನ್ನೂ ದಪ್ಪಾಗಿ... ಟಪ್. ಹದಿನೆಂಟು.

ಇದಕ್ಕ ವಿಜ್ಞಾನಿಗಳು ಹೆಸರೂ ಇಟ್ಟಾರ್ರಿ, 'ಟೀಪಾಟ್ ಎಫೆಕ್ಟ್' ಅಂತ. 1956ರಾಗ ಮಾರ್ಕಸ್ ರೈನರ್ ಅಂಬೋರು ಇಟ್ಟ ಹೆಸರು. ನಾನು ಇಷ್ಟು ದಿನ ಚಾ ಮೂತಿಗೆ ಅಂಟಕೊಂತೈತಿ, ಅಷ್ಟ, ಅನಕೊಂಡಿದ್ದೆ. 1957ರಾಗನ ಜೋಸೆಫ್ ಕೆಲ್ಲರ್ ಅನ್ನೋ ಗಣಿತದವರು ಬ್ಯಾರೇನ ಹೇಳಿಬಿಟ್ಟಾರ. ತುಟಿ ಹತ್ರ ತಿರುಗೋ ಚಾದೊಳಗ ಒತ್ತಡ ಹೊರಗಿನ ಗಾಳಿ ಒತ್ತಡಕ್ಕಿಂತ ಕಡಿಮಿ ಆಗತೈತಂತ. ಅಂದ್ರ ಸುತ್ತಲಿನ ಗಾಳಿನ ಚಾನ್ನ ಮೂತಿಗೆ ಒತ್ತಿ ಹಿಡೀತೈತಿ. ಮುಂದ ಕೆಲ್ಲರ್ ಮತ್ತ ಜೀನ್-ಮಾರ್ಕ್ ವ್ಯಾಂಡೆನ್-ಬ್ರೂಕ್ ಇಬ್ಬರಿಗೂ, ಹನಿ ಬೀಳಿಸದ ಮೂತಿ ಹೆಂಗಿರಬೇಕಂತ ಲೆಕ್ಕಾ ಹಾಕಿದ್ದಕ್ಕ 1999ರಾಗ ಇಗ್ ನೊಬೆಲ್ ಬಂತು. ಮೊದಲ ನಗಿಸಿ ಆಮ್ಯಾಲ ವಿಚಾರಕ್ಕ ಹಚ್ಚೋ ಸಂಶೋಧನೆಗೆ ಕೊಡೋ ಪ್ರಶಸ್ತಿ ಅದು. ನಗೋರು ನಗಲಿ ಬಿಡ್ರಿ. ಅವರ ಮನ್ಯಾಗೂ ಒಂದು ಬಿಳಿ ಅರಬಿ ಇದ್ದಿರಬೇಕು.

2021ರಾಗ ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯದವರು ಇದನ್ನ ಇನ್ನೂ ಬಿಡಿಸಿ ಹೇಳಿದ್ರು. ಸುರುವುವಾಗ ತುಟಿ ಕೆಳಗ ಒಂದು ಹನಿ ಕುಂತಿರತೈತಿ. ಜೋರಾಗಿ ಸುರುವಿದ್ರ ಅದು ಸಣ್ಣದಾಗೇ ಇರತೈತಿ. ಸಾವಕಾಶ ಸುರುವಿದ್ರ ಬೆಳದು, ಇಡೀ ಧಾರಿನ್ನ ತನ್ನ ಕಡೆ ಎಳಕೊಂತೈತಿ.

ಇದನ್ನ ಓದಿ ನನಗ ನಗು ಬಂತು. ಬೀಗರ ಮುಂದ ನಾಜೂಕ ಮಾಡಾಕ ಹೋಗಿ ನಾ ಎಷ್ಟು ಸಾವಕಾಶ ಸುರುವ್ತಿದ್ದೆ, ಅಷ್ಟು ಚೆಲ್ತಿತ್ತು. ಬಸ್ ಸ್ಟ್ಯಾಂಡ್ ಕಡೆ ಚಾ ಮಾರೋ ಹುಡುಗರನ್ನ ನೋಡ್ರಿ. ಅಲ್ಯೂಮಿನಿಯಂ ಕಿಟ್ಲಿ, ಮೈಯೆಲ್ಲಾ ನೆಗ್ಗಿರತೈತಿ. ಮ್ಯಾಲೆತ್ತಿ ಒಮ್ಮೆಲೇ ಬಗ್ಗಸ್ತಾರ, ಝಟ್ ಅಂತ ಎತ್ತತಾರ. ಒಂದು ಹನಿ ಆಕಡೆ ಈಕಡೆ ಇಲ್ಲ.

ಅವ್ವನ ಔಷಧ ಬ್ಯಾರೆ. ತುಪ್ಪದಾಗ ಬೆರಳ ಅದ್ದಿ ತುಟಿ ಕೆಳಗ ತಿಕ್ಕಿದ್ಲು. ಖರೇನ ನಿಂತಿತ್ರಿ! ನೀರು ಹತ್ತದಂಥ ಲೇಪ ಹಚ್ಚಿದ್ರ ಸೋರೋದು ನಿಲ್ಲತೈತಿ ಅಂತ ಫ್ರಾನ್ಸಿನ ವಿಜ್ಞಾನಿಗಳೂ ತೋರಿಸ್ಯಾರ, ಅವ್ವ ತುಪ್ಪದಾಗ ಮುಗಿಸಿದ್ಲು. ಆದ್ರ ಮೂರನೇ ಕಪ್ಪಿಗೆ ಬಿಸಿ ಚಾಕ್ಕ ತುಪ್ಪ ಕರಗಿ ಹೋತು. ನಾಕನೇ ಕಪ್ಪು ಕುಡದ ಮಾವ, "ಚಾದಾಗ ಏನೋ ಶಿರಾ ವಾಸನಿ ಬರ್ತೈತಲ್ಲವಾ" ಅಂದ್ರು.

ಹಂಗಾಗಿ ಇವತ್ತ ಬೆಳಗಾವಿ ಪ್ಯಾಟ್ಯಾಗಿನ ಗಣಪತ ಗಲ್ಲಿಗೆ. ಶನಿವಾರ, ಜಿಟಿಜಿಟಿ ಮಳಿ, ಕೊಡಿಗೆ ಕೊಡಿ ತಾಗಾಕತ್ತಾವ. ನನ್ನ ಚೀಲದಾಗ ಒಂದು ಬಾಟಲಿ ನೀರು. ಸುರುವಿ ನೋಡದ ಕಿಟ್ಲಿ ತಗೋಬಾರದು ಅಂತ ನಿರ್ಧಾರ ಮಾಡಿ ಬಂದೀನಿ. ಮೊದಲನೇ ಅಂಗಡಿಯಾಗ, "ನೀರ ಗೀರ ಹಾಕಂಗಿಲ್ರಿ ಅಕ್ಕಾರ, ತಗೊಂಡು ಒಯ್ದು ಮನ್ಯಾಗ ನೋಡಕೋರಿ" ಅಂದ್ರು. ಅಲ್ಲಿ ವಿಡಿಯೋ ಇಲ್ಲ.

ಎರಡನೇದು ಹಳೇ ಭಾಂಡೆ ಅಂಗಡಿ. ಕುಂತಿದ್ದ ಕಾಕಾಗ ನಾ ವಿಷಯ ಹೇಳಿದ್ದ ತಡ, ತಾವ ಒಳಗ ಹೋಗಿ ಚರಿಗಿ ತುಂಬ ನೀರ ತಂದ್ರು, ಕೆಳಗೊಂದು ಬುಟ್ಟಿ ಇಟ್ರು. "ಹೂಂ, ಸುರುವವ್ವಾ."

ಒಂದನೇದು ಸ್ಟೀಲ್, ಮೂತಿ ಅಂಚು ಮಡಚಿ ದುಂಡಗ ಮಾಡ್ಯಾರ. ಸೋರಿತು. ಎರಡನೇದರದು ಮೂತಿನ ಗಿಡ್ಡ. ಪೂರ್ತಿ ತುಂಬೂದ್ರಾಗ ಮೂತಿಯಿಂದ ನೀರು ತಾನ ಹೊರಗ ಬಂತು. ಮೂತಿ ತುದಿ ಕಿಟ್ಲಿ ಬಾಯಿಗಿಂತ ಕೆಳಗಿದ್ರ ಹಿಂಗ ಆಗೋದು, ಎರಡೂ ಕಡೆ ನೀರಿನ ಮಟ್ಟ ಒಂದ ಇರತೈತಲ್ಲ. ಮೂರನೇದು ಪಿಂಗಾಣಿ. ಅದರ ತುಟಿ ಮುಟ್ಟಿ ನೋಡಿ ಇಟ್ಟಬಿಟ್ಟೆ. ಖಾನಾಪುರದ ಕಡೆ ಒಬ್ಬ ಕುಂಬಾರಣ್ಣ ನನಗ ಹೇಳಿದ್ದು ನೆನಪಾತು: ಹಸಿ ಮಣ್ಣಾಗ ತುಟಿ ಎಷ್ಟ ಚೂಪ ಕೊಯ್ದರೂ, ಹೊಳಪಿನ ಲೇಪ ಭಟ್ಟ್ಯಾಗ ಕರಗಿ ಅಂಚನ್ನ ದುಂಡಗ ಮಾಡಿಬಿಡತೈತಿ. ದುಂಡಗ ಆತಂದ್ರ ಚಾಕ್ಕ ಹಿಂದಕ್ಕ ಹೊಳ್ಳಾಕ ದಾರಿ ಸಿಕ್ಕಂಗ.

ನಾಕನೇದನ್ನ ಕಾಕಾ ಮ್ಯಾಲಿನ ಫಳಿಯಿಂದ ಧೂಳಾ ಜಾಡಿಸಿ ಇಳಿಸಿದ್ರು. ಸ್ಟೀಲ್‌ದ, ಸಾದಾ. ಹತ್ರ ತೋರಸ್ತೀನಿ ನೋಡ್ರಿ. ಮೂತಿ ತುದಿ ಗಿಳಿ ಕೊಕ್ಕಿನಂಗ ಕೆಳಗ ಬಾಗೇತಿ, ಅಂಚು ತೆಳ್ಳಗ, ಮಡಚಿಲ್ಲ. ಬೆರಳ ಹಚ್ಚಿದ್ರ ಚೂರು ಚುಚ್ಚತೈತಿ. ಜೋರಾಗಿ ಸುರುವಿದೆ. ಸಾವಕಾಶ ಸುರುವಿದೆ. ನಟ್ಟನಡುವ ನಿಲ್ಲಿಸಿದೆ. ತುಟಿ ತುದಿಗೆ ಒಂದು ಹನಿ ನಿಂತು ನಡಗಿ, ಒಳಗ ಹೋತು. ಒಳಗ! ಕಾಕಾನೂ ಬಗ್ಗಿ ನೋಡಿದ್ರು. ಆಮ್ಯಾಲ ಮುಚ್ಚಳದ ಮ್ಯಾಲಿನ ಸಣ್ಣ ತೂತಿಗೆ ಬೆರಳ ಇಟ್ಟು, "ಈಗ ಬಗ್ಗಸು" ಅಂದ್ರು. ಧಾರಿ ನಿಂತಬಿಡ್ತು. ಬೆರಳ ತಗದ್ರು, ಮತ್ತ ಬಂತು. "ಮುಚ್ಚಳ ಬಿಗಿ ಐತಿ. ಈ ತೂತಿಲೇ ಗಾಳಿ ಒಳಗ ಹೋಗಬೇಕು, ಇಲ್ಲಂದ್ರ ಗುಳುಗುಳು ಅಂತ ಉಗುಳತೈತಿ." ಐವತ್ತು ವರ್ಷ ಭಾಂಡೆ ಮಾರಿದ ಮನಷ್ಯಾ. ನಾನು ಕೆಲ್ಲರ್ ಕಥಿ ಹೇಳಬೇಕಂದಾಕಿ ಸುಮ್ಮನಾದೆ.

ಮೂರನೂರಾ ನಲವತ್ತು ಹೇಳಿದ್ರು, ಮೂರನೂರಕ್ಕ ಕೊಟ್ರು. ನೀಲಿ ಹೂವಿನ ಸುಂದರಿ ಈಗ ಶೋಕೇಸ್‌ನ್ಯಾಗ ಅದಾಳ, ಅದ ಆಕಿ ಜಾಗಾ.

ಇದು ಸಂಜಿಮುಂದ. ಹೊಸಾ ಅರಬಿ ಹಾಸೀನಿ, ಹಾಲಿನಂಗ ಬಿಳಿ. ಅವ್ವ ಬೋಗುಣಿಯಿಂದ ಚಾ ಸೋಸಿ ಕಿಟ್ಲಿಗೆ ಹಾಕಿದ್ಲು, ಮುಕ್ಕಾಲು ಅಷ್ಟ, ಕಂಠಮಟ ಅಲ್ಲ. ಐದು ಕಪ್ಪು ಸುರುವಿದ್ಲು. ಕಿಟ್ಲಿ ಎತ್ತಿ ಹೊಟ್ಟಿ ಕೆಳಗ ಕೈ ಆಡಿಸಿದ್ಲು. ಒಣಾ. ನನ್ನ ಕಡೆ ನೋಡಿ ಏನೂ ಅನ್ಲಿಲ್ಲ, ಆದ್ರ ಎಡಗೈಯಾಗ ಹಿಡಕೊಂಡಿದ್ದ ಕೈ ಅರಬಿ ಒಳಗ ಇಟ್ಟು ಬಂದ್ಲು.

ಅಷ್ಟರಾಗ ಮಾವ ಕಪ್ಪು ಎತ್ತಿ, ಆರಲಿ ಅಂತ ಸಾವಕಾಶ ಬಸಿಗೆ ಸುರುವಾಕ ಹತ್ತಿದ್ರು. ಕಪ್ಪಿನ ಅಂಚು ನೋಡ್ರಿ, ದುಂಡಗ, ದಪ್ಪ. ಚಾ ಅಂಚಿನಿಂದ ಹೊಳ್ಳಿತು, ಕಪ್ಪಿನ ಮೈಗುಂಟ ಇಳೀತು, ತಳಕ್ಕ ಬಂದು ನಿಂತು, ದಪ್ಪಾಗಿ...

ಟಪ್. ಒಂದು.